ಗೋಡೆ ಕುಡಿದ ಉಸಿರು

ಚಾಮರಾಜಪೇಟೆಯ ಆ ಅಡ್ಡರಸ್ತೆಯಲ್ಲಿ ಮುರುಗೇಶನ ಸ್ಟೀಮ್ ಲಾಂಡ್ರಿಯನ್ನು ಹುಡುಕುವುದು ಕಷ್ಟವೇನಲ್ಲ. ತಲೆ ಎತ್ತಿದರೆ ಚಿಮಣಿ ಕಾಣುತ್ತದೆ, ತಗ್ಗಿಸಿದರೆ ಮೋರಿಯಲ್ಲಿ ಸೋಪಿನ ನೊರೆ ಕಾಣುತ್ತದೆ. ಬಸವನಗುಡಿಯ ಕಲ್ಯಾಣಮಂಟಪಗಳ ಮೇಜುಬಟ್ಟೆ, ಮೆಜೆಸ್ಟಿಕ್ ಕಡೆಯ ಲಾಡ್ಜುಗಳ ಬೆಡ್‌ಶೀಟು, ಗಾಂಧಿ ಬಜಾರಿನ ಹೋಟೆಲುಗಳ ಟವೆಲು, ಎಲ್ಲವೂ ಮಾನ ಕಳೆದುಕೊಂಡು ಇಲ್ಲಿಗೆ ಬರುತ್ತವೆ, ಮರ್ಯಾದೆ ಪಡೆದು ವಾಪಸು ಹೋಗುತ್ತವೆ.

ಮುರುಗೇಶನ ತಾಯಿ ದ್ರೌಪದಮ್ಮನವರಿಗೆ ಈ ಲಾಂಡ್ರಿಯಲ್ಲಿ ಯಾವ ಕೆಲಸವೂ ಇಲ್ಲ. ಆದರೂ ಬೆಳಿಗ್ಗೆ ತಿಂಡಿ ಮುಗಿಸಿ, ಮಹಡಿಯ ಮನೆಯಿಂದ ಇಳಿದು ಬಂದು, ಇಸ್ತ್ರಿ ಹಾಲಿನಲ್ಲಿ ತಮ್ಮ ಕುರ್ಚಿ ಹಿಡಿದು ಕೂತರೆಂದರೆ ಊಟದ ಹೊತ್ತಿಗೇ ಏಳುವುದು. ಅಲ್ಲಿ ಕೂತು ಎಲ್ಲರಿಗೂ ಸಲಹೆ ಕೊಡುತ್ತಾರೆ. ಕೇಳಿದವರಿಗೂ ಕೊಡುತ್ತಾರೆ, ಕೇಳದವರಿಗೆ ಇನ್ನೂ ಸ್ವಲ್ಪ ಜಾಸ್ತಿಯೇ ಕೊಡುತ್ತಾರೆ.

ಅವರ ಕುರ್ಚಿ ಇರುವುದು ಸುಣ್ಣದ ಗೋಡೆಯ ಪಕ್ಕ. ಹಾಲಿನ ಉಳಿದ ಗೋಡೆಗಳಿಗೆ ಟೈಲ್ಸ್ ಬಂದು ಎಷ್ಟೋ ಕಾಲವಾಯಿತು. ಈ ಒಂದನ್ನು ಮಾತ್ರ ದ್ರೌಪದಮ್ಮನವರ ಯಜಮಾನರು, ಚಿಕ್ಕವೆಂಕಟಪ್ಪನವರು, ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಲಾಂಡ್ರಿ ಶುರುವಾದ ವರ್ಷದಿಂದ ಪ್ರತಿ ಯುಗಾದಿಗೂ ಮುಂಚೆ ಡ್ರಮ್ಮಿನಲ್ಲಿ ಸುಣ್ಣದ ಕಲ್ಲು ಕುದಿಸಿ, ಗೋಂದು ಬೆರೆಸಿ, ಒಂದು ಚಿಟಿಕೆ ನೀಲಿ ಹಾಕಿ, ಲುಂಗಿ ಎತ್ತಿ ಕಟ್ಟಿ ತಾವೇ ಹೊಡೆಯುತ್ತಿದ್ದರು. ಹೋದ ವರ್ಷ ಎದೆಯ ಕಾಯಿಲೆ ಜೋರಾದಾಗ ಅದೇ ಗೋಡೆಯ ಪಕ್ಕ ಮಂಚ ಹಾಕಿಸಿಕೊಂಡರು. ಇಸ್ತ್ರಿಯ ಶಾಖಕ್ಕೆ ಎದೆ ಹಗುರವಾಗುತ್ತದೆ ಎನ್ನುವುದು ನೆಪ. ಕೆಲಸದವರ ಮೇಲೆ ಕಣ್ಣಿಡಬಹುದು ಎನ್ನುವುದು ನಿಜವಾದ ಕಾರಣ. ಅಲ್ಲೇ ಮಲಗಿ, ಅಲ್ಲಿಂದಲೇ ಎಲ್ಲರನ್ನೂ ಬೈದು, ಅಲ್ಲೇ ಹೋದರು.

ಈಗ ಆ ಗೋಡೆ ಚಕ್ಕೆ ಏಳತೊಡಗಿತ್ತು. ಬಿಳಿ ಬೆಡ್‌ಶೀಟಿನ ಮೇಲೆ ಸುಣ್ಣ ಉದುರಿದರೆ ಯಾರಿಗೂ ಕಾಣುವುದಿಲ್ಲ. ಆದರೆ ಕಲ್ಯಾಣಮಂಟಪದವರಿಗೆ ಈಚೆಗೆ ಮರೂನ್ ಬಣ್ಣದ ಮೇಜುಬಟ್ಟೆಯ ಶೋಕಿ ಹತ್ತಿತ್ತು. ಇಸ್ತ್ರಿಯಾದ ಬಟ್ಟೆಯ ಮೇಲೆ ಬಿಳಿ ಚುಕ್ಕೆ ನೋಡಿ ಮ್ಯಾನೇಜರು ಇಡೀ ಗಂಟನ್ನೇ ವಾಪಸು ಕಳಿಸಿದ. ಮುರುಗೇಶ ಅವತ್ತು ಮಧ್ಯಾಹ್ನ ಊಟಕ್ಕೆ ಕೂತವನೇ ವಿಷಯ ತೆಗೆದ.

"ಅಮ್ಮ, ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ಪೇಂಟರ್ ಈಶ್ವರ್ ಬರ್ತಾನೆ. ಆ ಗೋಡೆ ಪೂರ್ತಿ ಕೆರೆಸಿ, ಪುಟ್ಟಿ ಹಾಕ್ಸಿ, ಪ್ಲಾಸ್ಟಿಕ್ ಪೇಂಟ್ ಹೊಡಿಸಿಬಿಡ್ತೀನಿ. ಆಯುಧಪೂಜೆ ಹೊತ್ತಿಗೆ ಹೊಸದಾಗಿರುತ್ತೆ."

"ಬೇಡ," ಎಂದರು ದ್ರೌಪದಮ್ಮ.

"ಯಾಕೆ ಬೇಡ?"

"ನಿಮ್ಮಪ್ಪ ಹೊಡೆದ ಸುಣ್ಣ ಕಣೋ ಅದು."

"ಅಪ್ಪ ತಂದ ಬಾಯ್ಲರೂ ಹೋಯ್ತು, ಅಪ್ಪ ತಂದ ಇಸ್ತ್ರಿ ಮೆಷೀನೂ ಗುಜರಿಗೆ ಹೋಯ್ತು. ಆಗೆಲ್ಲ ನೀನು ಸುಮ್ನಿದ್ದೆ. ಈ ಗೋಡೇಲಿ ಏನಮ್ಮ ಅಂಥಾದ್ದಿದೆ? ಒಂದೇ ಒಂದು ಕಾರಣ ಹೇಳು, ಈಗ್ಲೇ ಈಶ್ವರ್‌ಗೆ ಫೋನ್ ಮಾಡಿ ಬರಬೇಡ ಅಂತೀನಿ."

ದ್ರೌಪದಮ್ಮ ಕಾರಣ ಹುಡುಕಿದರು. ಇಡೀ ಬೀದಿಗೆ ಸಲಹೆ ಹಂಚುವ ಬಾಯಿಗೆ ಒಂದು ಕಾರಣ ಸಿಗಲಿಲ್ಲ. ಮಗ ಹೇಳುವುದರಲ್ಲಿ ತಪ್ಪೂ ಇರಲಿಲ್ಲ, ಅದೇ ಇನ್ನಷ್ಟು ಸಿಟ್ಟು ತರಿಸಿತು. "ನಂಗಿಷ್ಟ ಇಲ್ಲ, ಅಷ್ಟೆ," ಎಂದು ತಟ್ಟೆ ಎತ್ತಿಕೊಂಡು ಎದ್ದುಹೋದರು. ಅಲ್ಲಿಗೆ ತಾಯಿ ಮಗನ ನಡುವೆ ಮಾತು ನಿಂತಿತು.

ಮಾರನೆಯ ದಿನ ಅವರು ಇಸ್ತ್ರಿ ಹಾಲಿನಿಂದ ಕುರ್ಚಿ ಎತ್ತಿಸಿ ಹಿತ್ತಲಿಗೆ ಹಾಕಿಸಿಕೊಂಡರು. ಕೆರೆಸಲಿರುವ ಗೋಡೆಯನ್ನು ನೋಡುತ್ತಾ ಕೂರಲಾರೆ ಎಂದು ಹೇಳುವ ಬದಲು, ಹಾಲಿನಲ್ಲಿ ಸೆಕೆ ಎಂದರು. ಮುಖ ಊದಿಸಿಕೊಳ್ಳುವುದರಲ್ಲೂ ಒಂದು ಗತ್ತು ಬೇಕಲ್ಲ.

ಹಿತ್ತಲಲ್ಲಿ ಬಾಯ್ಲರ್ ಶೆಡ್ಡು. ಅದರ ಪಕ್ಕ ಮೊಮ್ಮಗಳು ವಿನುತಾಳ ಬೀರು. ಅದು ಬಟ್ಟೆ ಇಡುವ ಬೀರು ಅಲ್ಲ. ಮುರುಗೇಶನ ಮಗಳು ವಿನುತಾ ಕಾಲೇಜಿನಲ್ಲಿ ಡಾಕ್ಟರೇಟಿಗೆ ಓದುತ್ತಾ ಕಟ್ಟಿಸಿಕೊಂಡು ಬಂದಿದ್ದ ಆಳೆತ್ತರದ ಉಕ್ಕಿನ ಪೆಟ್ಟಿಗೆ. ಚಿಮಣಿಗೆ ತೂತು ಕೊರೆದು ಒಂದು ಪೈಪು ಎಳೆದಿದ್ದಳು. ಚಿಮಣಿಯ ಗಾಳಿ ಆ ಪೈಪಿನಲ್ಲಿ ಬಂದು, ತಣ್ಣೀರಿನ ಸುರುಳಿಯಲ್ಲಿ ತಣ್ಣಗಾಗಿ, ಮಸಿ ಕಳೆದುಕೊಂಡು ಬೀರುವಿನೊಳಗೆ ಹೋಗುತ್ತಿತ್ತು. ಒಳಗೆ ಹಲಗೆಯ ಮೇಲೆ ಸಾಲಾಗಿ ಇಟ್ಟಿಗೆಗಳು.

"ಇಷ್ಟೊಂದು ಓದಿ ಹೊಗೆ ಹಿಡಿಯೋ ಕೆಲಸ ಮಾಡ್ತಿದೀಯಲ್ಲೇ," ಎಂದು ದ್ರೌಪದಮ್ಮ ಕುರ್ಚಿಯಲ್ಲಿ ಕೂತವರೇ ಶುರು ಮಾಡಿದರು. "ಅಲ್ಲ, ಚಿಮಣೀಲಿ ಹೊಗೇನೇ ಕಾಣ್ತಿಲ್ಲ. ಕಡ್ಲೆಕಾಯಿ ಸಿಪ್ಪೆ ಉಂಡೆ ಹಾಕಿ ಉರಿಸೋಕೆ ಶುರು ಮಾಡಿದ ಮೇಲೆ ಆಕಾಶ ತೊಳೆದಿಟ್ಟ ಹಂಗಿದೆ. ಏನು ಹಿಡೀತೀಯ ನೀನು?"

"ಕಾಣೋ ಹೊಗೆ ಜುಜುಬಿ ಅಜ್ಜಿ. ಕಾಣದೇ ಹೋಗುತ್ತಲ್ಲ, ಅದೇ ಜಾಸ್ತಿ. ಇರಿ, ತೋರಿಸ್ತೀನಿ."

ವಿನುತಾ ಒಂದು ಗಾಜಿನ ಲೋಟದಲ್ಲಿ ತಿಳಿನೀರು ತಂದಳು. ಸುಣ್ಣ ಕದಡಿ, ತಳಕ್ಕೆ ಇಳಿದ ಮೇಲೆ ಬಸಿದುಕೊಂಡ ನೀರು ಎಂದಳು. ಲೋಟದ ಆಚೆ ಹಿಡಿದ ಅವಳ ಬೆರಳು ಸ್ಪಷ್ಟವಾಗಿ ಕಾಣುತ್ತಿತ್ತು. ಚಿಮಣಿಯಿಂದ ಬಂದ ಪೈಪಿಗೆ ಸಿಕ್ಕಿಸಿದ ಸಣ್ಣ ನಳಿಕೆಯನ್ನು ಅದರಲ್ಲಿ ಅದ್ದಿದಳು. ಗುಳುಗುಳು ಎಂದು ಗುಳ್ಳೆ ಎದ್ದವು, ಅಷ್ಟೇ. ನೋಡ ನೋಡುತ್ತಿದ್ದಂತೆ ನೀರು ಮಬ್ಬಾಯಿತು, ಮಜ್ಜಿಗೆಯಾಯಿತು, ಕೊನೆಗೆ ಹಾಲಿನ ಹಾಗೆ ಬೆಳ್ಳಗೆ ನಿಂತಿತು.

ದ್ರೌಪದಮ್ಮ ಕುರ್ಚಿಯ ತುದಿಗೆ ಬಂದರು. "ಏನು ಬೆರೆಸಿದೆ?"

"ಏನೂ ಬೆರೆಸಿಲ್ಲ. ನಮ್ಮ ಚಿಮಣಿ ಗಾಳೀಲಿ ಕಾರ್ಬನ್ ಡೈಆಕ್ಸೈಡ್ ಇದೆ. ಅದು ಸುಣ್ಣಕ್ಕೆ ಸೇರಿದ್ರೆ ಕಲ್ಲಿನ ಪುಡಿ ಆಗುತ್ತೆ. ಈ ಬಿಳೀದು ಕಲ್ಲು ಅಜ್ಜಿ. ಈಗ ತಾನೇ ಹುಟ್ಟಿದ ಕಲ್ಲು." ಅವಳು ಇನ್ನೊಂದು ಲೋಟದಲ್ಲಿ ತಿಳಿನೀರು ತುಂಬಿ, ಎಳನೀರಿನ ನಳಿಕೆ ಹಾಕಿ ಅಜ್ಜಿಯ ಕೈಗೆ ಕೊಟ್ಟಳು. "ಈಗ ನೀವು ಊದಿ. ಊದಬೇಕು ಅಷ್ಟೇ, ಎಳ್ಕೋಬಾರದು."

ದ್ರೌಪದಮ್ಮ ಅನುಮಾನದಿಂದಲೇ ಊದಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ನಳಿಕೆಯ ಬಾಯಲ್ಲಿ ಒಂದು ಬಿಳಿ ಎಳೆ ಎದ್ದಿತು. ಅವರು ಇನ್ನೂ ಊದಿದರು. ಲೋಟ ಹಾಲಾಯಿತು. ಅವರು ಕೆಮ್ಮುತ್ತಾ ಬಾಯಿ ತೆಗೆದು ಲೋಟವನ್ನೇ ನೋಡಿದರು.

"ನನ್ನ ಹೊಟ್ಟೇಲೂ ಬಾಯ್ಲರ್ ಇದೆಯೇನೇ?"

"ಇದೆ. ತಿಂದ ಅನ್ನಾನೇ ಸೌದೆ. ಮೂಗೇ ಚಿಮಣಿ."

ದ್ರೌಪದಮ್ಮ ತಲೆ ಎತ್ತಿ ಚಿಮಣಿ ನೋಡಿದರು. ಅದರ ಬಾಯಲ್ಲಿ ಏನೂ ಇರಲಿಲ್ಲ, ನೀಲಿ ಆಕಾಶ ಮಾತ್ರ. ಮದುವೆಯಾಗಿ ಬಂದಾಗಿನಿಂದ ಅದನ್ನು ನೋಡುತ್ತಿದ್ದರು. ಅದರೊಳಗಿಂದ ಇಷ್ಟು ವರ್ಷ ಕಲ್ಲಾಗಬಹುದಾದ ಒಂದು ವಸ್ತು ಹಗಲೆಲ್ಲ ಹೊಳೆಯಂತೆ ಹರಿದು ಹೋಗುತ್ತಿತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವರ ಮೂಗಿನಿಂದಲೂ ಅದೇ. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಪೂರ್ತಿ ಹಿಡಿದುಬಿಡ್ತೀಯಾ?"

"ಎಲ್ಲಿ ಅಜ್ಜಿ! ಹೋಗೋದ್ರಲ್ಲಿ ನಾವು ಹಿಡೀತಿರೋದು ಒಂದು ಚಿಟಿಕೆ. ಆದ್ರೆ ಹಿಡಿದಿದ್ದು ಮತ್ತೆ ಓಡಿಹೋಗಲ್ಲ. ಇಟ್ಟಿಗೇಲಿ ಕಲ್ಲಾಗಿ ಕೂತ್ಬಿಡುತ್ತೆ."

ಇಟ್ಟಿಗೆಗೆ ಬೇಕಾದ ಸುಣ್ಣವನ್ನು ಅವಳು ಕೊಳ್ಳುತ್ತಿರಲಿಲ್ಲ. ಕಲ್ಲು ಸುಟ್ಟು ಹೊಸ ಸುಣ್ಣ ಮಾಡಿದರೆ ಸುಡುವಾಗಲೇ ಅಷ್ಟು ಗಾಳಿ ಬಿಡುಗಡೆಯಾಗುತ್ತದೆ, ಹಿಡಿದೂ ಏನು ಬಂತು ಎನ್ನುತ್ತಿದ್ದಳು. ಕಲಾಸಿಪಾಳ್ಯದ ಕಡೆ ವೆಲ್ಡಿಂಗಿನವರು ಕಾರ್ಬೈಡಿಗೆ ನೀರು ಹಾಕಿ ಗ್ಯಾಸ್ ತೆಗೆದುಕೊಂಡ ಮೇಲೆ ಉಳಿಯುವ ಬಿಳಿ ಗಸಿಯನ್ನು ಮೋರಿಗೆ ಚೆಲ್ಲುತ್ತಾರೆ. ಅದೂ ಸುಣ್ಣವೇ. ಅದನ್ನು ಡಬ್ಬದಲ್ಲಿ ಹೊತ್ತು ತಂದು, ಕ್ರಷರಿನ ಕಲ್ಲುಪುಡಿ ಬೆರೆಸಿ, ಅಚ್ಚಿನಲ್ಲಿ ಒತ್ತಿದ್ದಳು. ಹೊಸ ಇಟ್ಟಿಗೆಗಳು ಹಸಿ ಬರ್ಫಿಯ ಹಾಗೆ ಬೆರಳು ಒತ್ತಿದರೆ ಕುಸಿಯುತ್ತಿದ್ದವು. ಬೀರುವಿನಲ್ಲಿ ಕೂತು ಚಿಮಣಿಯ ಗಾಳಿ ಕುಡಿದು ಅವು ಕಲ್ಲಾಗಬೇಕಿತ್ತು.

ಮಾರನೆಯ ಬೆಳಿಗ್ಗೆ ಅವಳು ಇಟ್ಟಿಗೆಯ ಹಲಗೆಗಳನ್ನು ಹೊರಗೆಳೆದು, ತೂಕ ನೋಡಿ, ಬಾಯ್ಲರ್ ನೋಡಿಕೊಳ್ಳುವ ಬೈರಯ್ಯನಿಗೆ ಒಪ್ಪಿಸಿ ಕಾಲೇಜಿಗೆ ಓಡಿದಳು. ಸ್ವಲ್ಪ ಹೊತ್ತು ಬಿಟ್ಟು ಅವನು ಮತ್ತೆ ಒಳಗೆ ತಳ್ಳಬೇಕಿತ್ತು. ಅಷ್ಟರಲ್ಲಿ ದ್ರೌಪದಮ್ಮನವರ ಕಣ್ಣು ಬಿತ್ತು.

ಬೆಂಗಳೂರಿನಲ್ಲಿ ಮನೆ ಕಟ್ಟಿಸಿದ ಯಾವ ಹೆಂಗಸಿಗಾದರೂ ಹಸಿ ಗೋಡೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಕಟ್ಟಿದ್ದು ಮೇಸ್ತ್ರಿ ಇರಬಹುದು, ಉಳಿಸಿದ್ದು ನೀರು ಹಾಕಿದ ತಾನೇ ಎನ್ನುವುದು ಇವರೆಲ್ಲರ ನಂಬಿಕೆ. ಮಹಡಿಯ ಮನೆ ಕಟ್ಟುವಾಗ ಕಂಬಗಳಿಗೆ ಗೋಣಿತಾಟು ಸುತ್ತಿಸಿ, ಬೆಳಿಗ್ಗೆ ಸಂಜೆ ಕೊಡದಲ್ಲಿ ನೀರು ಹೊತ್ತು ಸುರಿದವರು ದ್ರೌಪದಮ್ಮ. ಈ ಇಟ್ಟಿಗೆಗಳ ಒಣ ಮುಖ ನೋಡಿ ಅವರ ಕರುಳು ಚುರ್ ಎಂದಿತು. ಪಾಪ, ಹುಡುಗಿಗೆ ಓದು ಗೊತ್ತು, ಕಟ್ಟಡ ಗೊತ್ತಿಲ್ಲ.

"ಬೈರಯ್ಯ, ಆ ಪೈಪ್ ತಗೊಂಡು ಬಾ. ಚೆನ್ನಾಗಿ ನೀರು ಹೊಡಿ."

"ಅಮ್ಮಾವ್ರೆ, ಪಾಪು ಏನೂ ಹೇಳಿಲ್ವಲ್ಲ?"

"ಅವಳು ಹೇಳೋದಕ್ಕೆ ಎಷ್ಟು ಮನೆ ಕಟ್ಸಿದಾಳೆ? ಹೊಡಿ ನೀನು."

ಬೈರಯ್ಯ ಹೊಡೆದ. ಆಮೇಲೆ ದಿನವೂ ಹೊಡೆದ. ದ್ರೌಪದಮ್ಮ ಕುರ್ಚಿಯಲ್ಲಿ ಕೂತು, ಆ ಮೂಲೆ ಬಿಟ್ಟೆ, ಈ ಸಾಲು ಬಿಟ್ಟೆ ಎಂದು ನೋಡಿಕೊಂಡರು. ಮೊಮ್ಮಗಳಿಗೆ ಹೇಳಲಿಲ್ಲ. ಇಟ್ಟಿಗೆ ಗಟ್ಟಿಯಾಗಿ ಬಂದ ದಿನ ಹೇಳಿ ಒಂದು ಮಾತು ಗೆಲ್ಲುವ ಆಸೆ ಒಳಗೇ ಇತ್ತು.

ವಿನುತಾ ಇಟ್ಟಿಗೆ ಒಡೆದು ನೋಡಿದ್ದು ಬುಧವಾರ. ಮೇಲಿನ ಸಿಪ್ಪೆ ಮಾತ್ರ ಬಿಗಿಯಾಗಿತ್ತು. ಒಳಗೆ ಹಿಟ್ಟು ಹಿಟ್ಟು, ಕೈಗೆ ಮೆತ್ತಿಕೊಂಡಿತು. ಎರಡನೆಯದು ಒಡೆದಳು, ಅದೂ ಹಾಗೆಯೇ. ಪೈಪು ತಟ್ಟಿದಳು, ಫ್ಯಾನು ನೋಡಿದಳು, ಬೀರುವಿನ ಬಾಗಿಲ ಸುತ್ತ ಸೋಪುನೀರು ಬಳಿದು ಗಾಳಿ ಸೋರುತ್ತಿದೆಯೇ ಎಂದು ನೋಡಿದಳು. ಎಲ್ಲ ಸರಿಯಾಗಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ನೆಲಕ್ಕೇ ಕೂತುಬಿಟ್ಟಳು. ಅಷ್ಟು ಹೊತ್ತಿಗೆ ಸರಿಯಾಗಿ ಬೈರಯ್ಯ, ಅಭ್ಯಾಸ ಬಲದಿಂದ, ನೀರಿನ ಪೈಪು ಎಳೆದುಕೊಂಡು ಬಂದ.

ವಿನುತಾ ಪೈಪು ನೋಡಿದಳು, ಬೈರಯ್ಯನನ್ನು ನೋಡಿದಳು. ಬೈರಯ್ಯ ದ್ರೌಪದಮ್ಮನವರನ್ನು ನೋಡಿದ. ದ್ರೌಪದಮ್ಮ ಚಿಮಣಿ ನೋಡಿದರು.

"ಅಜ್ಜೀ, ನೀರು ಹಾಕ್ಸಿದ್ರಾ?"

"ಹಾಕದೇ ಇರ್ತಾರೇನೇ? ಹಸಿ ಇಟ್ಟಿಗೆ!"

ವಿನುತಾಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಳು ಅರ್ಧಕ್ಕೆ ಬಂದಿತ್ತು, ನಗುವೇ ಗೆದ್ದಿತು. "ಅಯ್ಯೋ ನನ್ನಜ್ಜೀ, ಸಿಮೆಂಟು ನೀರು ಕುಡಿದು ಗಟ್ಟಿಯಾಗುತ್ತೆ. ಇದು ಗಾಳಿ ಕುಡಿದು ಗಟ್ಟಿಯಾಗೋದು. ಒಳಗಿನ ಸಣ್ಣ ಸಣ್ಣ ತೂತೆಲ್ಲ ನೀರು ತುಂಬ್ಕೊಂಡ್ರೆ ಗಾಳಿ ಎಲ್ಲಿಂದ ಹೋಗ್ಬೇಕು? ಉಸಿರುಕಟ್ಟಿ ಸಾಯಿಸ್ಬಿಟ್ರಿ ಇಟ್ಟಿಗೇನ."

ದ್ರೌಪದಮ್ಮನವರ ಮುಖ ಬಾಡಿತು. "ನಂಗೇನು ಗೊತ್ತೇ? ಇಟ್ಟಿಗೆ ಗಾಳಿ ಕುಡಿಯುತ್ತೆ ಅಂತ ಯಾರು ಕೇಳಿದಾರೆ?"

"ಸುಣ್ಣ ಅಂದ್ರೇನೇ ಹಂಗೆ. ನಮ್ಮ ಇಸ್ತ್ರಿ ಹಾಲಿನ ಗೋಡೆ ಇಲ್ವಾ? ತಾತ ಸುಣ್ಣ ಹೊಡೆದಾಗ ತೆಳ್ಳಗೆ ನೀರ್ ನೀರಾಗಿರುತ್ತೆ, ಆಮೇಲಾಮೇಲೆ ಬೆಳ್ಳಗಾಗುತ್ತೆ. ಒಣಗಿ ಬೆಳ್ಳಗಾಯ್ತು ಅಂದ್ಕೋತೀವಿ. ಬರೀ ಒಣಗೋದಲ್ಲ ಅಜ್ಜಿ, ಅದು ಗಾಳಿ ಕುಡಿದು ಕಲ್ಲಾಗ್ತಿರುತ್ತೆ." ಅವಳು ಮಾತಿಗೆ ಹೇಳಿ, ಕೈ ಒರೆಸಿಕೊಂಡು, ಹಾಳಾದ ಇಟ್ಟಿಗೆಗಳನ್ನು ಎತ್ತಿಡತೊಡಗಿದಳು.

ದ್ರೌಪದಮ್ಮ ಮಾತ್ರ ಅಲ್ಲೇ ನಿಂತುಬಿಟ್ಟರು.

"ವಿನು, ಯಾವ ಗಾಳಿ ಕುಡೀತು ಗೋಡೆ?"

"ಆ ಹಾಲಲ್ಲಿ ಇದ್ದ ಗಾಳಿ."

"ಹಾಲಲ್ಲಿ ಇದ್ದೋರು ಬಿಟ್ಟ ಉಸಿರು?"

"ಅದೂ ಸೇರಿ. ಉಸಿರಲ್ಲಿ ಇರೋದೂ ಅದೇ ತಾನೇ? ನೀವೇ ಊದಿದ್ರಲ್ಲ." ವಿನುತಾ ತಿರುಗಿ ನೋಡುವಷ್ಟರಲ್ಲಿ ಅಜ್ಜಿ ಅಲ್ಲಿರಲಿಲ್ಲ.

ಇಸ್ತ್ರಿ ಹಾಲಿನಲ್ಲಿ ಎಲ್ಲರೂ ಊಟಕ್ಕೆ ಹೋಗಿದ್ದರು. ದ್ರೌಪದಮ್ಮ ಗೋಡೆಯ ಮುಂದೆ ನಿಂತರು. ಹೋದ ವರ್ಷದ ಯುಗಾದಿ ಕಣ್ಣಿಗೆ ಕಟ್ಟಿತು. ಆಸ್ಪತ್ರೆಯಿಂದ ಬಂದ ಚಿಕ್ಕವೆಂಕಟಪ್ಪನವರಿಗೆ ಏಣಿ ಹತ್ತುವುದಿರಲಿ, ಕೂರಲೂ ಆಗುತ್ತಿರಲಿಲ್ಲ. ಆದರೂ ಸುಣ್ಣ ಹೊಡೆಯಲೇಬೇಕು ಎಂದು ಹಟ ಹಿಡಿದರು. ಬೈರಯ್ಯ ಹೊಡೆದ, ಅವರು ಮಂಚದ ಮೇಲಿಂದ, "ಮೇಲೆ ಬಿಟ್ಯಲ್ಲೋ, ಕಣ್ಣು ಎಲ್ಲಿಟ್ಟಿದೀಯ," ಎಂದು ಗದರಿದರು. ತೇವಕ್ಕೆ ಕೆಮ್ಮು ಜಾಸ್ತಿಯಾಗುತ್ತದೆ, ಮಂಚ ಮಹಡಿಗೆ ಸಾಗಿಸೋಣ ಎಂದರೆ ಒಪ್ಪಲಿಲ್ಲ. ಚಳಿ ಎಂದು ಕಿಟಕಿ ಮುಚ್ಚಿಸಿದರು. ಆಮೇಲೆ ಬರೀ ಉಸಿರು. ಎಳೆದು ಎಳೆದು ತೆಗೆದುಕೊಳ್ಳುವ ಉಸಿರು, ಗೊರಗೊರ ಎಂದು ಬಿಡುವ ಉಸಿರು. ದ್ರೌಪದಮ್ಮ ಪಕ್ಕದಲ್ಲಿ ಕೂತು ಆ ಸದ್ದನ್ನೇ ಕೇಳುತ್ತಿದ್ದರು. ಕೇಳಲಾಗದಾಗ ಗೋಡೆ ನೋಡುತ್ತಿದ್ದರು. ಯಜಮಾನರು ದಿನದಿನಕ್ಕೆ ಕರಗುತ್ತಾ ಬಂದ ಹಾಗೆ ಗೋಡೆ ಬೆಳ್ಳಗಾಗುತ್ತಾ ಬಂದಿತ್ತು. ಗೋಡೆ ಪೂರಾ ಬೆಳ್ಳಗಾದ ವಾರದಲ್ಲೇ ಅವರು ಹೋದರು.

ಆಮೇಲೆ ಯಾರೂ ಸುಣ್ಣ ಹೊಡೆದಿರಲಿಲ್ಲ. ಎಲ್ಲಕ್ಕಿಂತ ಮೇಲಿನ ಪದರ ಅದೇ.

ದ್ರೌಪದಮ್ಮ ಅಂಗೈಯನ್ನು ಗೋಡೆಗೆ ಇಟ್ಟರು. ತಣ್ಣಗಿತ್ತು. ಸುಟ್ಟು, ಬೂದಿ ನೀರಿಗೆ ಬಿಟ್ಟು, ತಿಥಿ ಮಾಡಿ, ಏನೂ ಉಳಿದಿಲ್ಲ ಎಂದುಕೊಂಡಿದ್ದರು. ಇಷ್ಟು ದಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಯಜಮಾನರ ಉಸಿರು ಮುಟ್ಟಬಹುದಾದ ಜಾಗದಲ್ಲೇ ಇತ್ತು. ಕೈ ತೆಗೆದಾಗ ಅಂಗೈಗೆ ಬಿಳಿ ಹತ್ತಿತ್ತು. ಸೆರಗಿಗೆ ಒರೆಸಿಕೊಳ್ಳಲು ಹೋದವರು ಒರೆಸಲಿಲ್ಲ, ಮುಷ್ಟಿ ಮುಚ್ಚಿಕೊಂಡರು.

ವಿನುತಾ ಬಾಗಿಲಲ್ಲಿ ಬಂದು ನಿಂತಿದ್ದಳು. ಅಜ್ಜಿ ಹೇಳಿದ್ದನ್ನೆಲ್ಲ ಕೇಳಿ ಅವಳೂ ಒಳಗೆ ಬಂದು ಗೋಡೆ ಮುಟ್ಟಿ ನೋಡಿದಳು. ಅವಳು ಈ ಲೆಕ್ಕವನ್ನು ಸಾವಿರ ಸಲ ಬರೆದವಳು, ಈ ಗೋಡೆಗೆ ಹಚ್ಚಿ ನೋಡಿರಲಿಲ್ಲ.

"ಎಲ್ಲಾ ತಾತಂದೇ ಅಂತ ನಾನು ಹೇಳಕ್ಕಾಗಲ್ಲ ಅಜ್ಜಿ," ಎಂದಳು ಕೊನೆಗೆ. "ಬೀದಿ ಗಾಳಿ ಇರುತ್ತೆ, ಬಾಯ್ಲರ್ ಗಾಳಿ ಇರುತ್ತೆ, ನಿಮ್ಮದು, ಕೆಲಸದೋರದು, ಎಲ್ಲಾ ಕಲೆತಿರುತ್ತೆ. ಆದ್ರೆ ತಾತಂದೂ ಇದೆ. ಇರಲೇಬೇಕು."

"ಇದ್ರೆ ಸಾಕು."

ಕಾರಣ ಸಿಕ್ಕಿತ್ತು. ಆದರೆ ಅದನ್ನು ಮಗನ ಮುಂದೆ ಹೇಳುವ ಧೈರ್ಯ ದ್ರೌಪದಮ್ಮನವರಿಗೆ ಬರಲಿಲ್ಲ. ಮುರುಗೇಶ ಕೆಟ್ಟವನಲ್ಲ, ಆದರೆ ನಗುತ್ತಾನೆ. ಈ ಮಾತಿಗೆ ಅವನು ನಕ್ಕರೆ ತಡೆದುಕೊಳ್ಳಲು ತಮ್ಮಿಂದಾಗದು. ಮೊದಲು ಚಿಮಣಿಯ ಗಾಳಿ ಕುಡಿದು ಇಟ್ಟಿಗೆ ಕಲ್ಲಾಗಲಿ. ಅದು ಕಲ್ಲಾದರೆ ಗೋಡೆಯ ಮಾತೂ ಸುಳ್ಳಲ್ಲ. ಆಗ ಹೇಳುತ್ತೇನೆ ಎಂದುಕೊಂಡರು.

ವಿನುತಾ ಅವತ್ತೇ ಹೊಸ ಇಟ್ಟಿಗೆ ಒತ್ತಿ ಬೀರು ತುಂಬಿದಳು. ಅಲ್ಲಿಂದ ಸೋಮವಾರದವರೆಗೆ ದ್ರೌಪದಮ್ಮ ಆ ಬೀರುವಿಗೆ ಕಾವಲು ನಿಂತರು. ಬೈರಯ್ಯ ಕೈಕಾಲು ತೊಳೆಯಲು ಬಕೆಟ್ ಹಿಡಿದು ಬಂದರೂ, "ಆ ಕಡೆ ಹೋಗೋ, ಇಲ್ಲಿ ಒಂದು ಹನಿ ಬಿದ್ರೆ ನೋಡು," ಎಂದು ಅಟ್ಟಿದರು. ಮೋಡ ಕವಿದರೆ ಶೆಡ್ಡಿನ ತಗಡು ಸೋರುತ್ತದೆಯೇ ಎಂದು ಕತ್ತೆತ್ತಿ ನೋಡಿದರು. ಭಾನುವಾರ ದೇವರ ಮನೆಯಲ್ಲಿ ಏನು ಬೇಡಿಕೊಂಡರೋ ಗೊತ್ತಿಲ್ಲ, ತೀರ್ಥ ಹಿಡಿದು ಹಿತ್ತಲಿನವರೆಗೂ ಬಂದು, ನೆನಪಾಗಿ, ಹಾಗೇ ಹಿಂದಕ್ಕೆ ಹೋದರು.

ಸೋಮವಾರ ಬೆಳಿಗ್ಗೆ ಪೇಂಟರ್ ಈಶ್ವರ್ ಕೆರೆಯುವ ಕತ್ತಿ, ಪುಟ್ಟಿಯ ಚೀಲ ತಂದು ಇಸ್ತ್ರಿ ಹಾಲಿನಲ್ಲಿಟ್ಟ. ಮುರುಗೇಶ ಮೇಜುಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಿದ್ದ. ದ್ರೌಪದಮ್ಮ ಬಾಗಿಲಿಗೆ ಬಂದರು.

"ಮುರುಗೇಶ, ಒಂದು ನಿಮಿಷ ಹಿತ್ತಲಿಗೆ ಬಾ."

ಅಷ್ಟು ದಿನದ ಮೇಲೆ ಅಮ್ಮ ಆಡಿದ ಮೊದಲ ಮಾತು. ಮುರುಗೇಶ ಹಾಳೆ ಕೈಬಿಟ್ಟು ಹಿಂದೆಯೇ ಹೋದ. ಕುತೂಹಲಕ್ಕೆ ಈಶ್ವರನೂ ಹೋದ.

ವಿನುತಾ ಬೀರು ತೆರೆದಳು. ಬೆಚ್ಚನೆಯ ಗಾಳಿ ಮುಖಕ್ಕೆ ಬಂತು. ಅವಳು ಒಂದು ಇಟ್ಟಿಗೆ ತೆಗೆದು ಅಪ್ಪನ ಕೈಗೆ ಕೊಟ್ಟಳು. ಮುರುಗೇಶ ಬೆರಳಿನಿಂದ ಒತ್ತಿದ, ಉಗುರಿನಿಂದ ಕೆರೆದ, ಜೇಬಿನ ಬೀಗದ ಕೈಯಿಂದ ಕುಟ್ಟಿದ. ಠಣ್ ಎಂದಿತು. ಈಶ್ವರ್ ಇಸಿದುಕೊಂಡು ನೆಲಕ್ಕೆ ಎತ್ತಿ ಹಾಕಿದ. ಮೂಲೆ ಕೂಡ ಮುಕ್ಕಾಗಲಿಲ್ಲ.

"ಇದೇನಾ ಹೋದ ವಾರ ಹಿಟ್ಟಿನ ಥರ ಇದ್ದಿದ್ದು?"

"ಅದೇ ಥರದ್ದು, ಬುಧವಾರ ಹೊಸದಾಗಿ ಒತ್ತಿದ್ದು. ತೂಕ ಹಾಕಿ ನೋಡಪ್ಪ," ಎಂದಳು ವಿನುತಾ.

ಬಟ್ಟೆಯ ಗಂಟು ತೂಗುವ ತಕ್ಕಡಿಯ ಮೇಲೆ ಹಲಗೆಯನ್ನೇ ಇಟ್ಟರು. ಒಳಗೆ ಹೋಗುವಾಗ ವಿನುತಾ ಬರೆದಿಟ್ಟಿದ್ದ ತೂಕಕ್ಕಿಂತ ಜಾಸ್ತಿ ತೂಗಿತು. ಮುರುಗೇಶ ಮತ್ತೊಮ್ಮೆ ಇಳಿಸಿ ಏರಿಸಿ ನೋಡಿದ. ಆ ಬೀರುವಿಗೆ ಗಾಳಿ ಬಿಟ್ಟರೆ ಬೇರೇನೂ ಹೋಗಿರಲಿಲ್ಲ, ಅದಕ್ಕೆ ಅಮ್ಮನ ಕಾವಲೇ ಸಾಕ್ಷಿ. ತಕ್ಕಡಿಯಲ್ಲಿ ಕೂತಿದ್ದ ಹೆಚ್ಚಿನ ತೂಕ ಅವನದೇ ಚಿಮಣಿಯ ಗಾಳಿ. ಅವನು ನಿಧಾನವಾಗಿ ತಲೆ ಎತ್ತಿ ಖಾಲಿ ಆಕಾಶ ನೋಡಿದ, ಮತ್ತೆ ತಕ್ಕಡಿ ನೋಡಿದ. ಬಾಯಿ ಅರ್ಧ ತೆರೆದಿತ್ತು.

"ನೀನು ಕಾರಣ ಕೇಳಿದ್ಯಲ್ಲ," ಎಂದರು ದ್ರೌಪದಮ್ಮ. "ಈ ಇಟ್ಟಿಗೆ ಬಾಯ್ಲರ್ ಉಸಿರು ಕುಡಿದು ಕಲ್ಲಾಯ್ತು. ಆ ಗೋಡೆ ನಿಮ್ಮಪ್ಪನ ಉಸಿರು ಕುಡಿದು ಕಲ್ಲಾಗಿದೆ. ಹೋದ ವರ್ಷದ ಯುಗಾದೀಲಿ ಹೊಡೆದ ಸುಣ್ಣ ಹಸಿ ಇದ್ದಾಗ ಅವರು ಅದರ ಪಕ್ಕಾನೇ ಮಲಗಿದ್ರು. ಕೊನೇ ಉಸಿರೂ ಅದಕ್ಕೇ ಸೇರಿದೆ. ಈಶ್ವರ್ ಕತ್ತಿ ಹಾಕಿದ್ರೆ ಮೊದಲು ಬರೋದು ಅದೇ ಪದರ."

ಮುರುಗೇಶ ನಗಲಿಲ್ಲ. ಮಗಳ ಕಡೆ ತಿರುಗಿದ. "ನಿಜಾನಾ?"

ವಿನುತಾ ಉತ್ತರ ಕೊಡುವ ಬದಲು ಮಹಡಿಗೆ ಹೋಗಿ ಅರ್ಧ ನಿಂಬೆಹಣ್ಣು ತಂದಳು. ಎಲ್ಲರೂ ಇಸ್ತ್ರಿ ಹಾಲಿಗೆ ಹೋದರು. ಗೋಡೆಯ ಬುಡದಲ್ಲಿ ತಾನಾಗಿ ಉದುರಿದ್ದ ಒಂದು ಚಕ್ಕೆಯನ್ನು ಎತ್ತಿ ಅಪ್ಪನ ಅಂಗೈಯಲ್ಲಿಟ್ಟಳು. "ಹುಳಿ ಬಿದ್ರೆ ಇದು ಕುಡಿದಿದ್ದನ್ನ ವಾಪಸ್ ಬಿಡುತ್ತೆ. ನೋಡು," ಎಂದು ನಿಂಬೆಯನ್ನು ಹಿಂಡಿದಳು.

ಹನಿ ಬಿದ್ದಲ್ಲಿ ಚಕ್ಕೆ ಮಿಸುಕಿದಂತಾಯಿತು. ಸಣ್ಣಗೆ ಸುಯ್ ಎಂದು ಸದ್ದು ಬಂತು. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಬೆನ್ನಿಗೆ ಒಂದು ಎದ್ದವು, ಒಡೆದವು, ಮತ್ತೆ ಎದ್ದವು. ಕತ್ತಿ ಹಿಡಿದಿದ್ದ ಈಶ್ವರ್ ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಚಪ್ಪಲಿ ಬಿಟ್ಟ. ದ್ರೌಪದಮ್ಮ ಬಗ್ಗಿ ಮಗನ ಅಂಗೈಗೆ ಮುಖ ತಂದು, ಆ ಗುಳ್ಳೆಗಳು ಒಡೆಯುವಾಗ ಒಮ್ಮೆ ಆಳವಾಗಿ ಉಸಿರು ಎಳೆದುಕೊಂಡರು.

ವಿನುತಾ ಇನ್ನೊಂದು ಹನಿ ಹಿಂಡಲು ಹೋದಾಗ ಮುರುಗೇಶ ಬೆರಳು ಮಡಿಚಿ ಕೈ ಹಿಂದಕ್ಕೆ ಎಳೆದುಕೊಂಡ. "ಸಾಕು. ಉಳಿದಿದ್ದು ಇರಲಿ."

ಅವನು ಬಹಳ ಹೊತ್ತು ಗೋಡೆಯನ್ನೇ ನೋಡುತ್ತಾ ನಿಂತ. ಆಮೇಲೆ ತಗ್ಗಿದ ದನಿಯಲ್ಲಿ, "ಈ ಪದರದಲ್ಲಿ ನಂದು ಇರಲ್ಲ ಬಿಡಮ್ಮ," ಎಂದ.

"ಏನು ನಿಂದು?"

"ಉಸಿರು. ಆಗ ಮದುವೆ ಸೀಸನ್ನು. ನಾನು ಅಪ್ಪನ ಹತ್ರ ಕೂತೇ ಇಲ್ಲ. ಬಾಗಿಲಲ್ಲೇ ನಿಂತು, ಹೆಂಗಿದೀಯಪ್ಪ ಅಂತ ಕೇಳಿ ಓಡ್ತಿದ್ದೆ. ಎಲ್ಲರದೂ ಇರುತ್ತೆ. ಬೈರಯ್ಯಂದೂ ಇರುತ್ತೆ."

ದ್ರೌಪದಮ್ಮ ಮಗನ ಮುಖ ನೋಡಿದರು. ಅವರು ಈಶ್ವರನ ಕಡೆ ತಿರುಗಿದರು. "ಸುಣ್ಣ ಹೊಡೆಯೋಕೆ ಬರುತ್ತೇನಪ್ಪ?"

"ಬರುತ್ತಮ್ಮ. ಈಗ ಯಾರೂ ಹೊಡಿಸಲ್ಲ, ಅಷ್ಟೆ."

ಬೈರಯ್ಯ ಬಳೇಪೇಟೆಗೆ ಹೋಗಿ ಸುಣ್ಣದ ಕಲ್ಲು ತಂದ. ಡ್ರಮ್ಮಿನಲ್ಲಿ ಅದು ಕೊತಕೊತ ಕುದಿಯಿತು. ಈಶ್ವರ್ ಗೋಡೆಗೆ ಕತ್ತಿ ಮುಟ್ಟಿಸಲಿಲ್ಲ. ಉದುರಲು ನಿಂತಿದ್ದ ಚಕ್ಕೆಗಳನ್ನು ಮಾತ್ರ ಮೆತ್ತಗಿನ ಬ್ರಷ್ಷಿನಿಂದ ಸವರಿ ತೆಗೆದು, ನೀರು ಚಿಮುಕಿಸಿ, ಮೇಲೊಂದು ಕೈ ಸುಣ್ಣ ಎಳೆದ. ಮರೂನ್ ಬಟ್ಟೆಗಳ ಇಸ್ತ್ರಿ ಎದುರು ಗೋಡೆಯ ಕಡೆಗೆ ಹೋಯಿತು. ಸಂಜೆಯ ಹೊತ್ತಿಗೆ ಗೋಡೆ ಹಸಿಯಾಗಿ, ಮಾಸಲಾಗಿ, ಸುಣ್ಣದ ಘಾಟು ಬೀರುತ್ತಾ ನಿಂತಿತ್ತು. ಬೆಳ್ಳಗಾಗಲು ಇನ್ನೂ ದಿನಗಳು ಬೇಕಿದ್ದವು.

ಮುರುಗೇಶನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಕಲ್ಯಾಣಮಂಟಪದವರು. ಅವನು ಫೋನು ಕಿವಿಗಿಟ್ಟುಕೊಳ್ಳುತ್ತಾ ಬಾಗಿಲ ಕಡೆ ಹೊರಟ.

"ಮುರುಗೇಶ," ಎಂದರು ದ್ರೌಪದಮ್ಮ. ಅವರ ಕುರ್ಚಿ ಮತ್ತೆ ಗೋಡೆಯ ಪಕ್ಕಕ್ಕೆ ಬಂದಿತ್ತು. "ಈಗ ಹಸಿ ಇದೆ. ಬಾ, ಕೂತ್ಕೋ."

ಅವನು ಬಾಗಿಲಲ್ಲೇ ನಿಂತ. ಫೋನು ಇನ್ನೂ ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಅವನು ಒಂದು ಸ್ಟೂಲು ಎಳೆದುಕೊಂಡು, ಮೊಣಕಾಲು ಗೋಡೆಗೆ ತಾಗುವಷ್ಟು ಹತ್ತಿರ ಬಂದು ಕೂತ.

"ಏನ್ ಮಾಡ್ಬೇಕು?"

"ಏನೂ ಮಾಡ್ಬೇಡ. ಮಾತಾಡು."

ಮುರುಗೇಶ ಒಮ್ಮೆ ಗಂಟಲು ಸರಿಮಾಡಿಕೊಂಡ. ಬಾಯ್ಲರಿನ ಒಂದು ಟ್ಯೂಬು ಸೋರುತ್ತಿದೆ, ಆಯುಧಪೂಜೆಗೆ ಮುಂಚೆ ಬದಲಾಯಿಸಬೇಕು ಎಂದ. ಲಾಡ್ಜಿನವರು ಈಗ ಬೆಡ್‌ಶೀಟು ಸರಿಯಾಗಿ ಎಣಿಸಿ ಕಳಿಸುವುದಿಲ್ಲ ಎಂದ. ಮಗಳ ಇಟ್ಟಿಗೆ ಕಲ್ಲಾಯಿತು, ನೀನು ನೋಡಬೇಕಿತ್ತು ಎಂದ. ಅವನು ಹೇಳುತ್ತಿದ್ದದ್ದು ಅಮ್ಮನಿಗಲ್ಲ. ದ್ರೌಪದಮ್ಮ ಅವನ ಪಕ್ಕದಲ್ಲಿ ಕೂತು, ಒಂದು ಮಾತೂ ನಡುವೆ ಆಡದೆ, ನಿಧಾನವಾಗಿ ಉಸಿರು ಬಿಡುತ್ತಿದ್ದರು.